ರೈಲ್ವೆ ಗೇಟಿನ ಬದಲು ಅಂಡರ್‌ಪಾಸೋ, ಮೇಲ್ಸೇತುವೆಯೋ?

ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ರೈಲು ಮಾರ್ಗ ಸುಮಾರು 190 ಕಿ.ಮೀ. ಅದು ಊರ ದಾರಿಗೆ ಅಡ್ಡ ಬರುವಲ್ಲಿ ರೈಲ್ವೆಯವರಲ್ಲಿ ಏನು ಕೇಳಬೇಕು ಅಂತ ಕೇಳಿದ್ದೀರಿ.

ಮೊದಲು ನೀರು ನೋಡಿ. ಉಳಿದದ್ದೆಲ್ಲ ಆಮೇಲೆ. ದಾವಣಗೆರೆ ಸುತ್ತ ಭದ್ರಾ ನಾಲೆಯ ಗದ್ದೆ ಬಯಲಿದೆ. ಅಲ್ಲಿ ನೆಲ ಅಗೆದು ಅಂಡರ್‌ಪಾಸ್ ಮಾಡಿದರೆ ಮಳೆ ನೀರಿನ ಜೊತೆ ಗದ್ದೆಯ ಬಸಿ ನೀರೂ ಸೇರುತ್ತದೆ. ಪಂಪು, ಕರೆಂಟು, ಕಾಯುವವರು, ಈ ಖರ್ಚು ಮುಗಿಯುವುದೇ ಇಲ್ಲ. ಒಮ್ಮೆ ಇಂಥ ಕಡೆ ಮೊಣಕಾಲುದ್ದ ನೀರಲ್ಲಿ ಬೈಕ್ ತಳ್ಳಿದ್ದೇನೆ, ಸೈಲೆನ್ಸರಿಗೂ ಸ್ನಾನ! ಚಿತ್ರದುರ್ಗದ ಕಡೆ ಮಳೆ ಕಡಿಮೆ. ಇಳಿಜಾರಿನಲ್ಲಿ ನೀರು ತಾನಾಗಿ ಹಳ್ಳಕ್ಕೆ ಹರಿಯುವಂತಿದ್ದರೆ ಅಲ್ಲಿ ಅಂಡರ್‌ಪಾಸೇ ಸರಿ.

ಜಮೀನು, ಕಾಂಕ್ರೀಟು ಎರಡೂ ಮೇಲ್ಸೇತುವೆಗೇ ಜಾಸ್ತಿ. ರೈಲಿನ ವಿದ್ಯುತ್ ತಂತಿ ದಾಟಲು ಸುಮಾರು 8 ಮೀಟರ್ ಏರಬೇಕು. 30 ಮೀಟರಿಗೆ 1 ಮೀಟರ್ ಏರಿಕೆ ಅಂದರೂ ಒಂದೊಂದು ಬದಿಗೆ 240 ಮೀಟರ್ ದಾರಿ. ಅಷ್ಟು ಹೊಲ ಹೋಗುತ್ತದೆ, ಅಲ್ವಾ?

ನಡೆದು ಹೋಗುವವರಿಗೆ, ಶಾಲೆ ಮಕ್ಕಳಿಗೆ, ಕುರಿ ಮಂದೆಗೆ ಅಂಡರ್‌ಪಾಸ್ ಹತ್ತಿರದ ದಾರಿ. ಸೇತುವೆ ಸುತ್ತು ಅಂತ ಜನ ಹಳಿ ದಾಟಿಬಿಡುತ್ತಾರೆ. ಆದರೆ ಹುಲ್ಲಿನ ಲೋಡು, ಭತ್ತ ಕೊಯ್ಯುವ ಮಷೀನು, ಬಸ್ಸು, ಲಾರಿ ದಿನವೂ ಓಡಾಡುವ ರಸ್ತೆಗೆ ಮೇಲ್ಸೇತುವೆಯೇ ಬೇಕು. ಹೊಲದ ದಾರಿಗೆ ಸುಮ್ನೆ ಅಷ್ಟು ದೊಡ್ಡದು ಕೇಳಬೇಡಿ.

ಗದ್ದೆ ಬಯಲಿನ ಸಣ್ಣ ದಾರಿಯೇ ಕಷ್ಟದ್ದು. ಅಲ್ಲಿ ಹಳಿಯ ಏರಿಯನ್ನೇ ಎತ್ತರಿಸಿ, ನೆಲದ ಮಟ್ಟದಲ್ಲೇ ದಾರಿ ಬಿಡಿ ಅಂತ ಕೇಳಿ. ಹಳಿ ಹಾಕುವ ಮುಂಚೆಯೇ ಕೇಳಬೇಕು.