ಶೇವಿಂಗಿಗೆ ನಾಲ್ಕು ಸ್ಟಾರ್, ಪಟಿಕದ ತುಂಡಿಗೆ ಸೊನ್ನೆ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವ, ಸ್ಟೇಷನ್ನಿಂದ ಐದು ನಿಮಿಷದ ದಾರಿ, ಮೂರು ಕುರ್ಚಿಯ ಸಲೂನ್. ಹೆಸರು ಬೇಡ ಬಿಡಿ. ಎಂಟು ವರ್ಷದಿಂದ ಹೋಗುತ್ತಿದ್ದೇನೆ. ಕಟಿಂಗ್ 120, ಶೇವಿಂಗ್ 70. ಭಾನುವಾರ ಹೋದರೆ ಒಂದು ಗಂಟೆ ಬೆಂಚು ಕಾಯಬೇಕು, ಮಂಗಳವಾರ ಖಾಲಿ, ನಮ್ಮ ಜನ ಅವತ್ತು ಕೂದಲು ತೆಗೆಸೋದಿಲ್ಲ ಅಲ್ವಾ. ಚಾಚಾ ಕೈ ಎಷ್ಟು ಹಗುರ ಅಂದರೆ ಕುರ್ಚಿಯಲ್ಲೇ ನಿದ್ದೆ ಬರುತ್ತದೆ.

ಮೊದಲು ನಾನೂ ಇಷ್ಟೇ ನೋಡುತ್ತಿದ್ದೆ. ಹೋದ ವರ್ಷ ಭಾವ ಆಫೀಸಿನ ಶಿಬಿರದಲ್ಲಿ ರಕ್ತ ಕೊಟ್ಟರು, ರಕ್ತನಿಧಿಯಿಂದ ಫೋನ್ ಬಂತು: ಹೆಪಟೈಟಿಸ್ ಬಿ ಪಾಸಿಟಿವ್, ಅಂದರೆ ಯಕೃತ್ತಿಗೆ (ಲಿವರ್) ತಗಲುವ ವೈರಸ್ ಸೋಂಕು. ಜ್ವರ ಇಲ್ಲ, ಕಣ್ಣು ಹಳದಿ ಇಲ್ಲ, ಏನೂ ಇಲ್ಲ. ಅಕ್ಕನ ಅತ್ತೆ ಅವತ್ತೇ ಭಾವನ ತಟ್ಟೆ, ಲೋಟ ಬೇರೆ ಇಟ್ಟರು. ಡಾಕ್ಟರು ಕೇಳಿದ್ದು ಒಂದೇ: "ಅಮ್ಮಾ, ಮನೇಲಿ ನೇಲ್ ಕಟರ್ ಎಷ್ಟಿದೆ?" ಒಂದೇ ಇತ್ತು. ಆರು ಜನಕ್ಕೆ.

ಎಂಜಲಿನಲ್ಲಿ ಈ ವೈರಸ್ ಇರಬಹುದು, ಆದರೆ ರಕ್ತಕ್ಕೆ ಹೋಲಿಸಿದರೆ ತೀರಾ ಕಡಿಮೆ. ಒಟ್ಟಿಗೆ ಊಟ ಮಾಡಿದರೆ, ಕೆಮ್ಮಿದರೆ, ತಬ್ಬಿಕೊಂಡರೆ ಅಂಟೋದಿಲ್ಲ. ರಕ್ತ, ವೀರ್ಯ, ಯೋನಿಸ್ರಾವ, ಹೆರಿಗೆ ಸಮಯದಲ್ಲಿ ತಾಯಿಯಿಂದ ಮಗು, ಇವು ದಾರಿಗಳು. ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ, ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಲಸಿಕೆ ಇಲ್ಲದವರಿಗೆ ಸೋಂಕಿತ ಸೂಜಿ ಚುಚ್ಚಿದರೆ ಅಂಟುವ ಸಂಭವ ನೂರಕ್ಕೆ 6ರಿಂದ 30, ಎಚ್‌ಐವಿಯಲ್ಲಿ ಅದು ಸುಮಾರು 0.3. ನಾವೆಲ್ಲ ಹೆದರೋದು ಯಾವುದಕ್ಕೆ ನೋಡಿ.

ಇದೆಲ್ಲ ತಲೆಯಲ್ಲಿಟ್ಟುಕೊಂಡು ಮುಂದಿನ ಮಂಗಳವಾರ ಕುರ್ಚಿಯಲ್ಲಿ ಕೂತೆ, ಈ ಸಲ ನಿದ್ದೆ ಬರಲಿಲ್ಲ. ಬ್ಲೇಡಿಗೆ ಪೂರ್ತಿ ಅಂಕ: ಕಣ್ಣೆದುರೇ ಕಾಗದ ಬಿಚ್ಚಿ, ಎರಡು ತುಂಡು ಮಾಡಿ, ಅರ್ಧ ಕತ್ತಿಗೆ ಸಿಕ್ಕಿಸುತ್ತಾರೆ, ಕೇಳಬೇಕಾಗಿಯೇ ಇಲ್ಲ. ಆದರೆ ಗಲ್ಲದ ಹತ್ತಿರ ಸ್ವಲ್ಪ ಗೀರಿತು, ಚಾಚಾ ಪಟಿಕದ ತುಂಡು ನೀರಿಗೆ ಅದ್ದಿ ಗಾಯದ ಮೇಲೆ ಉಜ್ಜಿದರು. ಅದೇ ತುಂಡು, ನನಗಿಂತ ಮುಂಚೆ ಕೂತಿದ್ದವನ ಕೆನ್ನೆಗೂ ಉಜ್ಜಿದ್ದು. ಬಳಸಿ ಬಳಸಿ ಸೋಪಿನ ಹಾಗೆ ನುಣ್ಣಗಾಗಿದೆ, ಎಂಟು ವರ್ಷದಿಂದ ಎಷ್ಟು ಜನರ ಗಾಯ ಮುಟ್ಟಿದೆಯೋ! ಹೊಸ ಬ್ಲೇಡ್ ಹಾಕಿ ಏನು ಬಂತು?

ಕತ್ತಿಯ ಹಿಡಿ ಮತ್ತು ಕತ್ತರಿಯನ್ನು ನೀಲಿ ದೀಪದ ಡಬ್ಬಿಯಲ್ಲಿ ಇಡುತ್ತಾರೆ. ನೋಡೋಕೆ ಚಂದ. ಆಸ್ಪತ್ರೆಯಲ್ಲಿ ಒತ್ತಡದ ಬಿಸಿ ಹಬೆಯಿಂದ ಸಾಮಾನು ಶುದ್ಧ ಮಾಡುವ ಆಟೋಕ್ಲೇವ್ ಅಂತೂ ಅಲ್ಲ.

ಜಗಳ ಆಡಲಿಲ್ಲ, ಕೇಳಿದೆ. ಹೆಪಟೈಟಿಸ್ ಅಂದರೆ ಚಾಚಾಗೆ ಅರ್ಥವಾಗಲಿಲ್ಲ. "ಕಾಲಾ ಪೀಲಿಯಾ" (ಹಿಂದಿಯಲ್ಲಿ ಜನ ಇದಕ್ಕೆ ಹೇಳುವ ಹೆಸರು, ಕಪ್ಪು ಕಾಮಾಲೆ) ಅಂದೆ, ಕೈ ನಿಂತಿತು. ಅವರ ಊರಲ್ಲಿ ಇಬ್ಬರಿಗೆ ಇದೆಯಂತೆ. ಮುಂದಿನ ಸಲ ಹೋದಾಗ ಪಟಿಕ ಪುಡಿ ಮಾಡಿ ಡಬ್ಬಿಗೆ ಹಾಕಿದ್ದರು, ಹತ್ತಿಯಲ್ಲಿ ಒತ್ತಿ ಹತ್ತಿ ಎಸೆಯುತ್ತಾರೆ. ಪಕ್ಕದ ಕುರ್ಚಿಯ ಹುಡುಗ ಮಾತ್ರ ಇನ್ನೂ ಹಳೆ ತುಂಡನ್ನೇ ಉಜ್ಜುತ್ತಾನೆ, ಅದಕ್ಕೇ ಪೂರ್ತಿ ಸ್ಟಾರ್ ಕೊಡಲಿಲ್ಲ.

ನನಗೆ ಮೂರು ಡೋಸ್ ಲಸಿಕೆ ಆಗಿದೆ (0, 1, 6 ತಿಂಗಳು), ಆಮೇಲಿನ ರಕ್ತ ಪರೀಕ್ಷೆಯಲ್ಲಿ ಆಂಟಿಬಾಡಿ 10ಕ್ಕಿಂತ ಜಾಸ್ತಿ ಇದೆ, ಅಂದರೆ ಲಸಿಕೆ ಹಿಡಿದಿದೆ. ಹಾಗಿದ್ದರೆ ನಿನಗ್ಯಾಕೆ ತಲೆಬಿಸಿ ಅಂತ ಅಕ್ಕ ಕೇಳಿದಳು. ಇದೇ ಜಾತಿಯ ಇನ್ನೊಂದು ಕಾಯಿಲೆ ಹೆಪಟೈಟಿಸ್ 'ಸಿ'ಗೆ ಲಸಿಕೆಯೇ ಇಲ್ಲವಲ್ಲ, ಅದೂ ರಕ್ತದಿಂದಲೇ ಬರೋದು.

ಹೋಗುವವರು ಚಾಚಾ ಕುರ್ಚಿಗೇ ಕಾಯಿರಿ. ತಲೆ ಮಸಾಜ್ 100, ಸೊಗಸಾಗಿದೆ. ಕಾರ್ಡ್ ತಗೊಳ್ಳೋದಿಲ್ಲ, ಯುಪಿಐ ಇದೆ. ಸೋಮವಾರ ರಜೆ.