ಕೋಲೆಬಸವನ ಜೊತೆ ಹದಿನಾಲ್ಕು ತಿಂಗಳು: ಎಐ ಸಹಾಯಕನನ್ನು ನಂಬಿ ಬ್ಯಾಟರಿ ಚಾರ್ಜರ್ ಮಾಡಿದ ಕಥೆ

ಐದಕ್ಕೆ ಮೂರು ನಕ್ಷತ್ರ. ಆ ಮೂರರಲ್ಲಿ ಎರಡೂವರೆ ಅದರ ತಾಳ್ಮೆಗೆ, ಉಳಿದ ಅರ್ಧ ಅದರ ವಿದ್ಯುತ್ ಜ್ಞಾನಕ್ಕೆ. ಸೇವೆಯ ಹೆಸರು ಬರೆಯುತ್ತಿಲ್ಲ. ಇದೇ ಬಗೆಯ ಇನ್ನೆರಡನ್ನು ಉಚಿತವಾಗಿ ಬಳಸಿ ನೋಡಿದೆ, ಮೂರಕ್ಕೂ ಒಂದೇ ಕಾಯಿಲೆ.

ನಮ್ಮ ಮನೆ ಶಿರಸಿಯಿಂದ ಒಳಗೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಲೈನ್‌ಮನ್ ಬರುವವರೆಗೆ ಎರಡು ಮೂರು ದಿನ ಕತ್ತಲೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬಿಚ್ಚಿ, ಒಳಗಿನ 18650 ಎಂಬ ಉರುಳೆಯಾಕಾರದ ಲಿಥಿಯಂ ಸೆಲ್‌ಗಳಿಂದ ಕೊಟ್ಟಿಗೆಗೊಂದು, ಅಡುಗೆಮನೆಗೊಂದು ದೀಪ ಮಾಡುವುದು ನನ್ನ ಆಸೆ. ಓದಿದ್ದು ವಾಣಿಜ್ಯ. ಬೆಸುಗೆ ಹಾಕಲು ಬರುತ್ತದೆ, ಮಲ್ಟಿಮೀಟರ್ ಹಿಡಿಯಲು ಬರುತ್ತದೆ, ಅಷ್ಟೇ. ಉಳಿದದ್ದನ್ನು ಎಐ ನೋಡಿಕೊಳ್ಳುತ್ತದೆ ಎಂದು ತಿಂಗಳ ಚಂದಾ ಕಟ್ಟಿದೆ.

ಮೊದಲ ಸಲವೇ ಎಡವಟ್ಟಾಯಿತು. ಮೊಬೈಲ್ ಚಾರ್ಜರಿನ 5 ವೋಲ್ಟಿನಿಂದ ಲಿಥಿಯಂ ಸೆಲ್ ತುಂಬಲು ಸುಲಭದ ಸರ್ಕ್ಯೂಟ್ ಕೇಳಿದೆ. ಎಲ್‌ಎಂ317 ಎಂದಿತು, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ರೆಗ್ಯುಲೇಟರ್ ಚಿಪ್ಪು. ಲೆಕ್ಕವನ್ನೂ ಅಚ್ಚುಕಟ್ಟಾಗಿ ಮಾಡಿತು: 240 ಓಮ್, 560 ಓಮ್, ಔಟ್‌ಪುಟ್ 4.17 ವೋಲ್ಟ್. ನಾನೂ ಕೈಯಲ್ಲಿ ಲೆಕ್ಕ ಹಾಕಿದೆ, ಸರಿಯಾಗಿಯೇ ಇತ್ತು. ಜೋಡಿಸಿದರೆ 3.4 ವೋಲ್ಟಿನ ಸೆಲ್ ರಾತ್ರಿಯಿಡೀ ಏರಲಿಲ್ಲ, ಬದಲಿಗೆ ಒಂದಿಷ್ಟು ಇಳಿದಿತ್ತು. ಕೇಳಿದೆ. ಬೆಸುಗೆ ಸಡಿಲವಿರಬಹುದು ಎಂದಿತು. ಎರಡು ಸಂಜೆ ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ರೆಗ್ಯುಲೇಟರ್ ನಕಲಿಯಿರಬಹುದು ಎಂದಿತು. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಭಾವನ ಕೈಲಿ ಇನ್ನೆರಡು ತರಿಸಿದೆ.

ಕೊನೆಗೆ ಗೊತ್ತಾದದ್ದು ಇಷ್ಟು. ಎಲ್‌ಎಂ317 ತನ್ನ ಮೇಲೆಯೇ ಎರಡು ವೋಲ್ಟಿನಷ್ಟು ಇಟ್ಟುಕೊಳ್ಳುತ್ತದೆ. 5 ಕೊಟ್ಟರೆ ಆಚೆ ಬರುವುದು 3ರ ಆಸುಪಾಸು. 4.2 ಬೇಕಿದ್ದರೆ ಆರೂವರೆಗೆ ಕಡಿಮೆಯಿಲ್ಲದೆ ಕೊಡಬೇಕು. ಇದು ತಯಾರಕರೇ ಕೊಡುವ ವಿವರಪಟ್ಟಿ, ಅಂದರೆ ಡೇಟಾಶೀಟಿನಲ್ಲೇ ಇದೆ. ಎಐಗೆ ತೋರಿಸಿದಾಗ ‘ನೀವು ಹೇಳಿದ್ದು ಸಂಪೂರ್ಣ ಸರಿ’ ಎಂದು ಡ್ರಾಪ್‌ಔಟ್ ವೋಲ್ಟೇಜ್ ಬಗ್ಗೆ ಒಂದು ಪುಟ ಪಾಠ ಮಾಡಿತು. ಗೊತ್ತಿದ್ದ ಮೇಲೆ ಆಗ ಏಕೆ ಹೇಳಲಿಲ್ಲ ಎಂದು ಕೇಳುವವರು ಯಾರು?

ಆಮೇಲೆ ಟಿಪಿ4056 ಎಂಬ ಲಿಥಿಯಂ ಚಾರ್ಜರ್ ಚಿಪ್ಪಿನ ಹಲಗೆಗೆ ಬಂದೆವು. ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುವ ನೀಲಿ ಹಲಗೆ. ಹೊಗಳಬೇಕಾದ ಭಾಗವೂ ಇದೇ. ಈ ಚಿಪ್ಪಿನ ಡೇಟಾಶೀಟನ್ನು ಸಾಲುಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದ್ದು ಎಐ. ಸೆಲ್ 2.9 ವೋಲ್ಟಿಗಿಂತ ಕೆಳಗಿದ್ದರೆ ಮೊದಲು ಹತ್ತನೇ ಒಂದು ಭಾಗದ ಕರೆಂಟು, ನಂತರ ಪೂರ್ಣ ಕರೆಂಟು, 4.2 ತಲುಪಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು, ಕರೆಂಟು ಮತ್ತೆ ಹತ್ತನೇ ಒಂದಕ್ಕೆ ಇಳಿದಾಗ ಚಾರ್ಜಿಂಗ್ ನಿಲ್ಲಿಸುವುದು. ರಾತ್ರಿ ಹನ್ನೊಂದಕ್ಕೆ ಒಂದೇ ಪ್ರಶ್ನೆಯನ್ನು ನಾಲ್ಕು ರೀತಿ ಕೇಳಿದರೂ ಬೇಸರಿಸಲಿಲ್ಲ. ಹಳೆಯ ಸೆಲ್ಲುಗಳಲ್ಲಿ 2 ವೋಲ್ಟಿಗಿಂತ ಕೆಳಗೆ ಬಿದ್ದವನ್ನು ಎಬ್ಬಿಸಲು ಹೋಗಬೇಡಿ, ಪಕ್ಕಕ್ಕಿಡಿ ಎಂದು ತಾನಾಗಿಯೇ ಎಚ್ಚರಿಸಿತು. ಆ ಮಾತಿಗೆ ನಾನು ಋಣಿ.

ಆದರೆ ಮಗಳ ಹಳೆಯ ಆಟಿಕೆಯಲ್ಲಿದ್ದ 400 ಎಂಎಎಚ್ ಚಪ್ಪಟೆ ಸೆಲ್ಲಿಗೂ ಅದೇ ಹಲಗೆ ಸಾಕು ಎಂದದ್ದೂ ಇದೇ ಬಾಯಿ. ಹಲಗೆಯ ಮೇಲೆ ‘122’ ಎಂದು ಬರೆದ, ಸಾಸಿವೆಗಿಂತ ಸ್ವಲ್ಪ ದೊಡ್ಡ ರೆಸಿಸ್ಟರ್ ಒಂದಿದೆ: 1.2 ಕಿಲೋ ಓಮ್. ಚಾರ್ಜಿಂಗ್ ಕರೆಂಟು ಎಷ್ಟೆಂದು ನಿರ್ಧರಿಸುವುದು ಅದೇ, ಇಲ್ಲಿ 1 ಆಂಪಿಯರ್. ಅಷ್ಟು ಪುಟ್ಟ ಸೆಲ್ಲಿಗೆ ಅದು ತನ್ನ ಸಾಮರ್ಥ್ಯದ ಎರಡೂವರೆ ಪಟ್ಟು. ಹತ್ತು ನಿಮಿಷದಲ್ಲಿ ಸೆಲ್ ಬಿಸಿಯಾಗಿ, ಎಣ್ಣೆಗೆ ಬಿಟ್ಟ ಹಪ್ಪಳದಂತೆ ನಡುವೆ ಉಬ್ಬತೊಡಗಿತು. ತಂತಿ ಕಿತ್ತು, ಇಕ್ಕಳದಲ್ಲಿ ಹಿಡಿದು ಅಂಗಳದ ಮರಳಿನ ಮೇಲೆ ಇಟ್ಟು ಬಂದೆ. ಈಗ ಆ 122 ತೆಗೆದು 10 ಕಿಲೋ ಓಮ್ ಹಾಕಿದ್ದೇನೆ, 130 ಮಿಲಿ ಆಂಪಿಯರ್ ಆಸುಪಾಸು. ಅಷ್ಟು ಸಣ್ಣದನ್ನು ಬಿಡಿಸಲು ಭೂತಗನ್ನಡಿ, ಸೂಜಿ ಮತ್ತು ಅಸಾಧ್ಯ ಸಹನೆ ಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಆದದ್ದು ಏಳನೆಯ ತಿಂಗಳಲ್ಲಿ. ದೀಪ ಉರಿಯುತ್ತಿರುವಾಗಲೇ ಚಾರ್ಜ್ ಆಗಬೇಕಿತ್ತು. ದೀಪವನ್ನು ನೇರ ಸೆಲ್ಲಿಗೆ ಜೋಡಿಸಿದರೆ ಅದು ಕರೆಂಟು ಎಳೆಯುತ್ತಲೇ ಇರುವುದರಿಂದ ಚಾರ್ಜರಿಗೆ ನಿಲ್ಲಿಸುವ ಹೊತ್ತೇ ತಿಳಿಯುವುದಿಲ್ಲ. ಪರಿಹಾರ ಸರಳ: ಹೊರಗಿನ ಕರೆಂಟು ಇದ್ದಾಗ ದೀಪಕ್ಕೆ ಒಂದು ಶಾಟ್‌ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮೂಲಕ ಅಲ್ಲಿಂದಲೇ ಸರಬರಾಜು, ಇಲ್ಲದಾಗ ಪಿ-ಚಾನೆಲ್ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನ ಮೂಲಕ ಸೆಲ್ಲಿನಿಂದ. ಎಐ ಮೊದಲು ಐಆರ್‌ಎಫ್9540 ಎಂದಿತು. 3.7 ವೋಲ್ಟಿಗೆ ಅದು ಸರಿಯಾಗಿ ತೆರೆದುಕೊಳ್ಳುವುದೇ ಇಲ್ಲ. ನಾನು ಗೊಣಗಿದ ಮೇಲೆ ಎಒ3401 ಎಂದಿತು, ಒಳ್ಳೆಯ ಆಯ್ಕೆ. ಕರೆಂಟು ಹರಿಯುವ ಅದರ ಎರಡು ಕಾಲುಗಳ ಜೋಡಣೆ ಹೀಗೆ ಕೊಟ್ಟಿತು: ಸೋರ್ಸ್ ಸೆಲ್ಲಿಗೆ, ಡ್ರೇನ್ ದೀಪಕ್ಕೆ.

ಹಾಗೆಯೇ ಕಟ್ಟಿದೆ. ದೀಪ ಉರಿಯಿತು, ಕರೆಂಟು ತೆಗೆದರೂ ಉರಿಯಿತು, ಚಾರ್ಜ್ ಮುಗಿಯಿತೆನ್ನುವ ಹಲಗೆಯ ನೀಲಿ ದೀಪವೂ ಬಂತು. ಮಲಗುವ ಮೊದಲು ಅಭ್ಯಾಸಬಲದಿಂದ ಸೆಲ್ಲಿಗೆ ಮೀಟರ್ ಹಿಡಿದೆ. 4.23. ಚಾರ್ಜಿಂಗ್ ಮುಗಿದಿದೆ, ಆದರೂ ಕೊನೆಯ ಅಂಕಿ ನಿಲ್ಲುತ್ತಿಲ್ಲ. 4.24. ಕಾಫಿ ಮಾಡಿಕೊಂಡು ಬಂದೆ. 4.26. ಪ್ಲಗ್ ಕಿತ್ತೆ.

ಮಾಸ್‌ಫೆಟ್ಟಿನ ಒಳಗೆ ಯಾರೂ ಇಡದೆ ತಾನಾಗಿಯೇ ಹುಟ್ಟುವ ಒಂದು ಡಯೋಡ್ ಇರುತ್ತದೆ. ಪಿ-ಚಾನೆಲ್‌ನಲ್ಲಿ ಅದು ಡ್ರೇನ್‌ನಿಂದ ಸೋರ್ಸ್ ಕಡೆಗೆ ಹರಿಯಲು ಬಿಡುತ್ತದೆ. ಎಐ ಕೊಟ್ಟ ಜೋಡಣೆಯಲ್ಲಿ ಮಾಸ್‌ಫೆಟ್ ಮುಚ್ಚಿದ್ದರೂ ದೀಪದ ಕಡೆಯ 4.7 ವೋಲ್ಟ್ ಈ ಕಿಂಡಿಯಿಂದ ಸೆಲ್ಲಿಗೆ ಸೋರುತ್ತಿತ್ತು. ಚಾರ್ಜರ್ ಚಿಪ್ಪು ಮುಂಬಾಗಿಲಿಗೆ ಬೀಗ ಹಾಕಿ ಕುಳಿತಿದೆ, ಕರೆಂಟು ಹಿತ್ತಿಲಿನಿಂದ ಒಳಗೆ ಬರುತ್ತಿದೆ. ಹಲಗೆಯ ಮೇಲಿನ ಡಿಡಬ್ಲ್ಯೂ01 ರಕ್ಷಣಾ ಚಿಪ್ಪು 4.3ರ ಹೊತ್ತಿಗೆ ಕತ್ತರಿಸುತ್ತಿತ್ತೇನೋ. ಆದರೆ ರಕ್ಷಣೆಯಿಲ್ಲದ ಅಗ್ಗದ ಹಲಗೆಗಳೂ ಪೇಟೆಯಲ್ಲಿವೆ. ಡ್ರೇನ್ ಸೆಲ್ಲಿಗೆ, ಸೋರ್ಸ್ ದೀಪಕ್ಕೆ ಎಂದು ತಿರುಗಿಸಿದೆ, ರೋಗ ಹೋಯಿತು. ಮರುದಿನ ಬೆಳಗ್ಗೆ ಎಐಗೆ ಹೇಳಿದರೆ, ಅದ್ಭುತ ಗಮನಿಕೆ ಎಂದು ನನ್ನ ಬೆನ್ನು ತಟ್ಟಿತು.

ಆ ಹೊಗಳಿಕೆ ಕೇಳಿದ ಮೇಲೆ ಒಂದು ಕಿತಾಪತಿ ಮಾಡಿದೆ. 1.2 ಕಿಲೋ ಓಮ್ ಹಾಕಿದರೆ ಎಷ್ಟು ಕರೆಂಟು ಎಂದು ಕೇಳಿದೆ. 1 ಆಂಪಿಯರ್ ಎಂದಿತು, ಸರಿ. ‘ಅಲ್ಲ, ಅರ್ಧ ಆಂಪಿಯರ್ ಅಲ್ಲವೇ?’ ಎಂದೆ. ಕ್ಷಮೆ ಕೇಳಿ ಅರ್ಧಕ್ಕೆ ಒಪ್ಪಿತು, ಅದಕ್ಕೊಂದು ಸೂತ್ರವನ್ನೂ ಹೊಸೆಯಿತು. ‘ಛೇ, ಎರಡು ಆಂಪಿಯರ್’ ಎಂದೆ. ಅದಕ್ಕೂ ತಲೆಯಾಡಿಸಿತು. ಕೋಲೆಬಸವ ಕೂಡ ಇದಕ್ಕಿಂತ ಯೋಚಿಸಿ ಗೋಣು ಹಾಕುತ್ತದೆ. ತಪ್ಪು ಮಾಡುವುದು ನನಗೆ ದೊಡ್ಡದಾಗಿ ಕಾಣುವುದಿಲ್ಲ, ನಾನೂ ಮಾಡುತ್ತೇನೆ. ಆದರೆ ಸರಿ ಹೇಳುವಾಗಲೂ ತಪ್ಪು ಹೇಳುವಾಗಲೂ ಅದರ ದನಿ ಒಂದೇ. ಊರಿನ ರೇಡಿಯೋ ರಿಪೇರಿಯವರು ಗೊತ್ತಿಲ್ಲದ್ದನ್ನು ಹೇಳುವಾಗ ತಲೆ ಕೆರೆದುಕೊಳ್ಳುತ್ತಿದ್ದರು, ಅದನ್ನು ನೋಡಿಯೇ ನಾವು ಎಚ್ಚರವಾಗುತ್ತಿದ್ದೆವು. ಇದಕ್ಕೆ ಕೆರೆದುಕೊಳ್ಳಲು ತಲೆಯೇ ಇಲ್ಲ.

ಸಣ್ಣಪುಟ್ಟ ದೂರುಗಳು ಇನ್ನೂ ಇವೆ. ಅಕ್ಷರಗಳಿಂದ ಬಿಡಿಸುವ ಅದರ ಸರ್ಕ್ಯೂಟ್ ಚಿತ್ರವನ್ನು ನೋಡಲೇಬೇಡಿ, ಮಳೆಗೆ ಬಿದ್ದ ಬೇಲಿಯಂತಿರುತ್ತದೆ. ಸೌರದೀಪದಿಂದ ತೆಗೆದ 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿಗೂ ಟಿಪಿ4056 ನಡೆಯುತ್ತದೆ ಎಂದಿತು. ಅವು 3.65ಕ್ಕೆ ತುಂಬುವಂಥವು, ನಾನು ಆಗಲೇ ಹುಷಾರಾಗಿದ್ದೆ.

ಈಗ ಬಳಸುವ ರೀತಿ ಬೇರೆ. ಡೇಟಾಶೀಟನ್ನು ನಾನೇ ತಂದು ಅದರ ಮುಂದಿಡುತ್ತೇನೆ, ಯಾವ ಪುಟದಲ್ಲಿದೆ ತೋರಿಸು ಎನ್ನುತ್ತೇನೆ. ಪುಟ ತೋರಿಸಲು ಆಗದ ಮಾತನ್ನು ಬಿಟ್ಟುಬಿಡುತ್ತೇನೆ. ಹೊಸ ಸರ್ಕ್ಯೂಟಿಗೆ ಮೊದಲು ಸೆಲ್ ಹಾಕುವುದಿಲ್ಲ, ರೆಸಿಸ್ಟರ್ ಹಾಕಿ ಅಳೆಯುತ್ತೇನೆ. ಕೊಟ್ಟಿಗೆಯ ದೀಪ ಒಂದು ಮಳೆಗಾಲ ದಾಟಿದೆ, ಸೆಲ್ ತುಂಬಿದಾಗ 4.19ಕ್ಕೆ ನಿಲ್ಲುತ್ತದೆ.

ಚಂದಾ ಮುಂದುವರಿಸಿದ್ದೇನೆ. ಮೊನ್ನೆ ಪಂಪ್‌ಸೆಟ್ ಶೆಡ್ಡಿನ 12 ವೋಲ್ಟಿನ ಸೀಸದ ಬ್ಯಾಟರಿಯನ್ನು ಸದಾ ಚಾರ್ಜಿನಲ್ಲೇ ಇಡಲು ಎಷ್ಟು ವೋಲ್ಟ್ ಬೇಕು ಎಂದು ಕೇಳಿದೆ. 14.4 ಎಂದಿತು. ಬ್ಯಾಟರಿಯ ಮೈಮೇಲೆ 13.5ರಿಂದ 13.8 ಎಂದು ಅಚ್ಚಾಗಿದೆ. ಇನ್ನೂ ಅದಕ್ಕೆ ಹೇಳಿಲ್ಲ.