ಎಲ್ಲೋ ಇರುವ ಸರ್ವರ್‌ನಲ್ಲಿ ನನ್ನ ಡೆಸ್ಕ್‌ಟಾಪ್: ಎರಡೂವರೆ ವರ್ಷ ಬಳಸಿದ ಮೇಲೆ

ನಾನು ದಿನಾ ಕೆಲಸ ಮಾಡುವ ವಿಂಡೋಸ್ ನನ್ನ ಮೇಜಿನ ಮೇಲಿಲ್ಲ. ಬಾಡಿಗೆಗೆ ಪಡೆದ ಸರ್ವರ್ ಒಂದರಲ್ಲಿ, ಪ್ರಾಕ್ಸ್‌ಮಾಕ್ಸ್ ಅನ್ನುವ ವ್ಯವಸ್ಥೆಯ ಒಳಗೆ, ವರ್ಚುವಲ್ ಮಷೀನ್ (ವಿಎಂ, ಅಂದರೆ ಸಾಫ್ಟ್‌ವೇರ್ ಸೃಷ್ಟಿಸಿದ ಕಂಪ್ಯೂಟರ್) ಆಗಿ ಓಡುತ್ತಿದೆ. ಮೇಜಿನ ಮೇಲಿರುವುದು ಹಳೆಯ ಲ್ಯಾಪ್‌ಟಾಪ್. ಪರದೆ ತೋರಿಸುವುದು, ಒತ್ತಿದ ಕೀಲಿಯನ್ನು ಅತ್ತ ದಾಟಿಸುವುದು, ಅದರ ಕೆಲಸ ಇಷ್ಟೇ. 2023ರಲ್ಲಿ ಶುರು ಮಾಡಿದ್ದು, ಇವತ್ತಿಗೂ ಹಾಗೇ ನಡೆಯುತ್ತಿದೆ.

ಇನ್‌ಸ್ಟಾಲ್ ಮಾಡುವುದು ಒಂದು ಸಂಜೆಯ ಕೆಲಸ. ಆಮೇಲೆ ತಿಂದ ಪೆಟ್ಟುಗಳೆಲ್ಲ ಒಂದೇ ಕಾರಣಕ್ಕೆ: ಮಷೀನ್ ದೂರದಲ್ಲಿದೆ ಅನ್ನುವುದನ್ನು ನಾನು ಮರೆತಿದ್ದು.

ಮೊದಲ ಪ್ರಯತ್ನ ಅಗ್ಗದ ವಿಪಿಎಸ್ (ದೊಡ್ಡ ಸರ್ವರ್‌ನ ಒಂದು ಪಾಲು) ಮೇಲೆ. ಅದು ದಂಡ. ವರ್ಚುವಲ್ ಮಷೀನ್‌ಗಳನ್ನು ವೇಗವಾಗಿ ಓಡಿಸುವ ಕೆವಿಎಂ 2007ರಿಂದಲೇ ಲಿನಕ್ಸ್ ಕರ್ನಲ್‌ನ ಭಾಗ, ನಿಜ. ಆದರೆ ಅದಕ್ಕೆ ಪ್ರೊಸೆಸರ್‌ನ ನೆರವು ಬೇಕು. ವಿಪಿಎಸ್ ತಾನೇ ಒಂದು ವರ್ಚುವಲ್ ಮಷೀನ್ ಆಗಿರುವುದರಿಂದ, ಆ ನೆರವನ್ನು ಬಾಡಿಗೆ ಕೊಟ್ಟವರು ಒಳಗೆ ಬಿಟ್ಟರೆ ಮಾತ್ರ ಸಿಗುತ್ತದೆ. ನನಗೆ ಬಿಟ್ಟಿರಲಿಲ್ಲ. ಸಿಪಿಯು ಮಾಹಿತಿಯಲ್ಲಿ ಇಂಟೆಲ್‌ಗೆ ‘ವಿಎಂಎಕ್ಸ್’, ಎಎಂಡಿಗೆ ‘ಎಸ್‌ವಿಎಂ’ ಅನ್ನುವ ಗುರುತು ಇದೆಯಾ ಅಂತ ನೋಡಿಕೊಂಡಿದ್ದರೆ ಎರಡು ದಿನ ಉಳಿಯುತ್ತಿತ್ತು. ನಾನು ನೋಡದೆ ಪ್ರೊಸೆಸರ್‌ನ ಕೆಲಸವನ್ನೂ ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಕ್ಯುಇಎಂಯು ಒಂದರಲ್ಲೇ ಓಡಿಸಿದೆ. ವಿಂಡೋಸ್ ಬಂತು, ಬರಲಿಲ್ಲ ಅಂತ ಹೇಳಲಾರೆ. ಸ್ಟಾರ್ಟ್ ಬಟನ್ ಒತ್ತಿ ಕೈಕಟ್ಟಿ ಕೂರಬೇಕಿತ್ತು.

ಹಾಗಾಗಿ ಇಡೀ ಸರ್ವರ್ ಒಂದನ್ನೇ ಬಾಡಿಗೆಗೆ ಹಿಡಿದೆ. ಆರು ಕೋರ್, 64 ಜಿಬಿ ರ‍್ಯಾಮ್. ಪ್ರಾಕ್ಸ್‌ಮಾಕ್ಸ್ 8 ಹಾಕಿದೆ. ಅದು ಡೆಬಿಯನ್ ಲಿನಕ್ಸ್ ಮೇಲೆ ನಿಂತಿರುವ ವ್ಯವಸ್ಥೆ, ಬ್ರೌಸರ್‌ನಲ್ಲಿ 8006 ಪೋರ್ಟ್ ತೆರೆದರೆ ಎಲ್ಲವೂ ಕಣ್ಣೆದುರಿಗೆ. ಇನ್‌ಸ್ಟಾಲ್ ಸಿಡಿಯ ಪ್ರತಿಯಾದ ಐಎಸ್‌ಒ ಫೈಲನ್ನು ನಮ್ಮ ಕಂಪ್ಯೂಟರ್‌ಗೆ ಇಳಿಸಿ ಮತ್ತೆ ಮೇಲೇರಿಸುವ ರಗಳೆ ಇಲ್ಲ, ಲಿಂಕ್ ಕೊಟ್ಟರೆ ಸರ್ವರೇ ಇಳಿಸಿಕೊಳ್ಳುತ್ತದೆ.

ಹೊಸಬರು ತಡವರಿಸುವ ಜಾಗ ಒಂದಿದೆ. ‘ವಿಂಡೋಸ್ ಎಲ್ಲಿ ಹಾಕಲಿ?’ ಅಂತ ಕೇಳುವ ಪರದೆಯಲ್ಲಿ ಡಿಸ್ಕ್ ಪಟ್ಟಿ ಖಾಲಿ ಬರುತ್ತದೆ. ಡಿಸ್ಕ್ ಇದೆ, ಆದರೆ ವಿಎಂನ ಡಿಸ್ಕ್, ನೆಟ್‌ವರ್ಕ್ ನಡೆಸುವ ವಿರ್ಟ್‌ಐಒ ಡ್ರೈವರ್ ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಇಲ್ಲ. ಆ ಡ್ರೈವರ್‌ಗಳ ಐಎಸ್‌ಒವನ್ನು ಎರಡನೇ ಸಿಡಿಯಾಗಿ ಮೊದಲೇ ಸೇರಿಸಿರಬೇಕು. ‘ಲೋಡ್ ಡ್ರೈವರ್’ ಒತ್ತಿ ಸ್ಕಸಿ ಡ್ರೈವರ್ ಕೊಟ್ಟರೆ ಡಿಸ್ಕ್ ಕಾಣಿಸುತ್ತದೆ. ನೆಟ್‌ವರ್ಕ್ ಡ್ರೈವರನ್ನೂ ಅಲ್ಲೇ ಹಾಕಿಬಿಡಿ.

ನೆಟ್‌ವರ್ಕ್ ಅಂದೆನಲ್ಲ, ನಿಜವಾದ ತಲೆನೋವು ಅದೇ. ಮನೆಯ ರೂಟರ್ ಹಿಂದೆ ಮಾಡುವ ಹಾಗೆ ವಿಎಂ ಅನ್ನು ನೇರ ಬ್ರಿಡ್ಜ್‌ಗೆ (ಸರ್ವರ್ ಒಳಗಿನ ವರ್ಚುವಲ್ ಸ್ವಿಚ್) ಸಿಕ್ಕಿಸಿದೆ. ಬಾಡಿಗೆ ಸರ್ವರ್‌ಗಳಲ್ಲಿ ಅದು ಅಷ್ಟು ಸಲೀಸಲ್ಲ. ಬಾಡಿಗೆ ಕೊಟ್ಟವರ ಸ್ವಿಚ್‌ಗೆ ಗೊತ್ತಿರುವ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಒಂದೇ, ಸರ್ವರ್‌ನದ್ದು. ಹೊಸ ಮ್ಯಾಕ್ ಒಂದು ಹೊರಗೆ ತಲೆ ಹಾಕಿದ ಕೂಡಲೇ ಬಾಡಿಗೆ ಕೊಟ್ಟವರಿಂದ ಎಚ್ಚರಿಕೆಯ ಇಮೇಲ್ ಬಂತು. ಎರಡನೇ ಸಲ ಪೋರ್ಟನ್ನೇ ಮುಚ್ಚಿದರು. ತಪ್ಪು ನನ್ನದೇ, ನಿಯಮ ಓದಿರಲಿಲ್ಲ. ವಿಎಂಗೆ ಬೇರೆ ಐಪಿಯನ್ನೂ ಅದಕ್ಕೆ ಹೊಂದುವ ಮ್ಯಾಕನ್ನೂ ಕೇಳಿ ಪಡೆಯಬಹುದು. ಇಲ್ಲವಾದರೆ ಸರ್ವರ್ ಒಳಗೇ ಖಾಸಗಿ ಬ್ರಿಡ್ಜ್ ಮಾಡಿ, ಎನ್‌ಎಟಿ ಮೂಲಕ, ಅಂದರೆ ಸರ್ವರ್‌ನದೇ ಐಪಿಯಲ್ಲಿ, ಹೊರಗೆ ಬಿಡಬೇಕು. ನಾನು ಎರಡನೆಯದನ್ನು ಹಿಡಿದೆ. ವಿಂಡೋಸ್ ನೇರ ಇಂಟರ್‌ನೆಟ್‌ಗೆ ಮೈಯೊಡ್ಡದೆ ಇರುವುದೇ ಒಳ್ಳೇದು ಅಲ್ವಾ?

ಹಾಗೆ ಬುದ್ಧಿ ಹೇಳುವ ನಾನೇ ಮಾಡಿದ್ದೇನು ಗೊತ್ತಾ? ಬೇಗ ಆಗಲಿ ಅಂತ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ಹೊರಗೆ ತೆರೆದಿಟ್ಟೆ. ಮರುದಿನ ಇವೆಂಟ್ ವ್ಯೂವರ್ ನೋಡಿದರೆ 4625, 4625, 4625. ಲಾಗಿನ್ ವಿಫಲ ಅನ್ನುವ ಸಂಖ್ಯೆ ಅದು. ಯಾರ‍್ಯಾರೋ ಬಾಗಿಲು ಬಡಿಯುತ್ತಿದ್ದರು. ಅವತ್ತೇ ಮುಚ್ಚಿ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿದೆ. ಈಗ 3389 ಕೂಡ 8006 ಕೂಡ ಅದರ ಒಳಗಿನಿಂದ ಮಾತ್ರ. ವೈರ್‌ಗಾರ್ಡ್ ಕೈಕೊಟ್ಟರೆ ಇರಲಿ ಅಂತ ದೂರದಿಂದ ಸರ್ವರ್‌ಗೆ ಕಮಾಂಡ್ ಕೊಡುವ ಎಸ್‌ಎಸ್‌ಎಚ್ ಒಂದನ್ನು ಬಿಟ್ಟಿದ್ದೇನೆ, ಅದೂ ಪಾಸ್‌ವರ್ಡ್ ಇಲ್ಲದೆ ಕೀಯಿಂದ ಮಾತ್ರ.

ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕನೆಕ್ಟ್ ಆಗಲಿಲ್ಲ. ಪ್ರಾಕ್ಸ್‌ಮಾಕ್ಸ್ ಪ್ಯಾನೆಲ್‌ನಲ್ಲಿ ವಿಎಂ ಪಕ್ಕ ‘ಐಒ ಎರರ್’, ಹಳದಿ ಗುರುತು. ಡಿಸ್ಕ್ ಥಿನ್ ಪ್ರಾವಿಷನಿಂಗ್‌ನಲ್ಲಿತ್ತು, ಅಂದರೆ 120 ಜಿಬಿ ಅಂತ ತೋರಿಸಿದರೂ ಬರೆದಷ್ಟೇ ಜಾಗ ಹಿಡಿಯುತ್ತದೆ. ಡಿಸ್ಕಾರ್ಡ್ ಆಯ್ಕೆಗೆ ಟಿಕ್ ಹಾಕಿರಲಿಲ್ಲ. ಅದಿಲ್ಲದಿದ್ದರೆ ವಿಂಡೋಸ್‌ನಲ್ಲಿ ಅಳಿಸಿದ ಫೈಲಿನ ಜಾಗ ಸರ್ವರ್‌ಗೆ ವಾಪಸ್ ಬರುವುದಿಲ್ಲ. ಜೊತೆಗೆ ‘ಇರಲಿ’ ಅಂತ ಬಿಟ್ಟ ಮೂರು ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಸ್ಥಿತಿಯ ದಾಖಲೆ) ಹಳೆಯದನ್ನೆಲ್ಲ ಹಿಡಿದುಕೊಂಡು ಕೂತಿದ್ದವು. ಸರ್ವರ್‌ನ ಸ್ಟೋರೇಜ್ ಪೂಲ್ ತುಂಬಿ ಮಷೀನ್ ನಿಂತುಬಿಟ್ಟಿತು. ಸ್ನ್ಯಾಪ್‌ಶಾಟ್ ಅಳಿಸಿದೆ, ಟಿಕ್ ಹಾಕಿದೆ, ವಿಂಡೋಸ್ ಒಳಗೆ ಡ್ರೈವ್ ಆಪ್ಟಿಮೈಸ್ ಮಾಡಿದೆ, ಸರಿಹೋಯಿತು. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ, ಎರಡು ಡಿಸ್ಕನ್ನು ಜೋಡಿಸುವ ರೇಡ್ ಕೂಡ ಬ್ಯಾಕಪ್ ಅಲ್ಲ. ಈಗ ವಾರಕ್ಕೊಮ್ಮೆ ವಿಎಂನ ಪೂರ್ತಿ ಬ್ಯಾಕಪ್ ಬೇರೆ ಕಡೆಯ ಸ್ಟೋರೇಜ್‌ಗೆ ಹೋಗುತ್ತದೆ. ಒಂದು ಸಲ ವಾಪಸ್ ತಂದು ಬೂಟ್ ಮಾಡಿ ನೋಡಿದ್ದೇನೆ.

ನನ್ನ ವಿಎಂನಲ್ಲಿ ಇದ್ದದ್ದು ವಿಂಡೋಸ್ 10. ಅದಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. 11ಕ್ಕೆ ಟಿಪಿಎಂ 2.0 (ಭದ್ರತಾ ಚಿಪ್) ಬೇಕು, ಯುಇಎಫ್‌ಐ (ಹಳೆಯ ಬಯಾಸ್ ಬದಲಿಗೆ ಬಂದದ್ದು) ಬೇಕು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಟಿಪಿಎಂ ಕೂಡ ವರ್ಚುವಲ್, ಒಂದು ಆಯ್ಕೆ ಸೇರಿಸಿದರೆ ಸಾಕು. ಹಳೆಯದನ್ನು ಮುಟ್ಟದೆ ಪಕ್ಕದಲ್ಲೇ ಹೊಸ ವಿಎಂ ಮಾಡಿ, ಒಂದೊಂದೇ ಕೆಲಸ ಸಾಗಿಸಿದೆ. ಹದಿನೈದು ದಿನ ಎರಡೂ ಓಡುತ್ತಿದ್ದವು. ಈ ಸುಖ ಮೇಜಿನ ಮೇಲಿನ ಡಬ್ಬಿಯಲ್ಲಿ ಸಿಗುವುದಿಲ್ಲ. ಒಂದು ವಿಷಯ: ಹೋಮ್ ಆವೃತ್ತಿಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬರಲಾಗುವುದಿಲ್ಲ, ಪ್ರೊ ಬೇಕು. ಲೈಸೆನ್ಸ್ ಕೂಡ ವಿಎಂಗೆ ಬೇರೆಯೇ ಬೇಕು.

ಬಳಸುವಾಗ ಹೇಗನಿಸುತ್ತದೆ? ಕೋರ್ ಎಷ್ಟು ಅನ್ನುವುದಕ್ಕಿಂತ ಸರ್ವರ್ ಎಷ್ಟು ದೂರ ಅನ್ನುವುದೇ ಮುಖ್ಯ. ನನಗೆ ಪಿಂಗ್ (ಸಂಕೇತ ಹೋಗಿ ಬರುವ ಸಮಯ) 40 ಮಿಲಿಸೆಕೆಂಡ್ ಆಸುಪಾಸು, ಟೈಪ್ ಮಾಡುವಾಗ ಗೊತ್ತೇ ಆಗುವುದಿಲ್ಲ. ಪ್ರಯೋಗಕ್ಕೆ 200 ದಾಟುವ ಸರ್ವರ್ ಒಂದನ್ನು ಒಂದು ವಾರ ಬಳಸಿದೆ. ಅಕ್ಷರ ಬೆರಳಿನ ಹಿಂದೆ ಕುಂಟಿಕೊಂಡು ಬರುತ್ತಿತ್ತು. ಅದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದರಿಂದ ವಿಡಿಯೋ ಎಡಿಟಿಂಗ್, ಆಟ ಎರಡನ್ನೂ ಮರೆತುಬಿಡಿ. ವಿಡಿಯೋ ಕರೆಯನ್ನು ನಾನು ಲ್ಯಾಪ್‌ಟಾಪ್‌ನಲ್ಲೇ ಮಾಡುತ್ತೇನೆ. ಎಕ್ಸೆಲ್, ಬ್ರೌಸರ್, ಕೋಡ್ ಎಡಿಟರ್, ರಾತ್ರಿಯಿಡೀ ಓಡುವ ಸ್ಕ್ರಿಪ್ಟ್‌ಗಳು, ಇವಕ್ಕೆಲ್ಲ ಸೊಗಸು. ಲ್ಯಾಪ್‌ಟಾಪ್ ಮುಚ್ಚಿ ಬೇರೆ ಊರಿಗೆ ಹೋಗಿ ತೆರೆದರೂ ಕರ್ಸರ್ ಬಿಟ್ಟ ಜಾಗದಲ್ಲೇ ಮಿನುಗುತ್ತಿರುತ್ತದೆ.

ಕನ್ನಡ ಟೈಪಿಂಗ್ ಬಗ್ಗೆ ಒಂದು ಮಾತು. ಪ್ರಾಕ್ಸ್‌ಮಾಕ್ಸ್ ಪ್ಯಾನೆಲ್ ಬ್ರೌಸರ್ ಒಳಗೇ ವಿಎಂನ ಪರದೆ ತೋರಿಸುವ ಕನ್ಸೋಲ್‌ನಲ್ಲಿ ಕನ್ನಡ ಅಕ್ಷರ ದಾಟಲೇ ಇಲ್ಲ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ದೂರದ ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಸೇರಿಸಿ, ಲ್ಯಾಪ್‌ಟಾಪನ್ನು ಇಂಗ್ಲಿಷ್‌ನಲ್ಲೇ ಬಿಟ್ಟರೆ ಸರಿಯಾಗಿ ಬರುತ್ತದೆ. ಈ ವಿಮರ್ಶೆ ಹಾಗೇ ಬರೆದಿದ್ದು.

ಆ ಕನ್ಸೋಲ್ ನಿಧಾನ, ಸದ್ದಿಲ್ಲ, ದಿನದ ಕೆಲಸಕ್ಕೆ ಆಗುವುದಿಲ್ಲ. ಆದರೂ ನನ್ನನ್ನು ಉಳಿಸಿದ್ದು ಅದೇ. ಒಮ್ಮೆ ಸುಮ್ನೆ ಕುತೂಹಲಕ್ಕೆ ವಿಎಂನ ಮಷೀನ್ ಬಗೆ, ಅಂದರೆ ಅದಕ್ಕೆ ಕಾಣುವ ಮದರ್‌ಬೋರ್ಡ್ ಮಾದರಿ, ಬದಲಾಯಿಸಿದೆ. ವಿಂಡೋಸ್‌ಗೆ ನೆಟ್‌ವರ್ಕ್ ಕಾರ್ಡ್ ಹೊಸದಾಗಿ ಕಂಡಿತು, ನಾನು ಕೊಟ್ಟಿದ್ದ ಐಪಿ ಹೋಯಿತು, ರಿಮೋಟ್ ಡೆಸ್ಕ್‌ಟಾಪ್ ಸತ್ತಿತು. ಕನ್ಸೋಲ್‌ಗೆ ಮಾತ್ರ ವಿಂಡೋಸ್‌ನ ನೆಟ್‌ವರ್ಕ್ ಬೇಕಾಗಿಲ್ಲ. ಅಲ್ಲಿಂದ ಒಳಗೆ ಹೋಗಿ ಐಪಿ ಮತ್ತೆ ಬರೆದೆ.

ಒಂದು ಅಭ್ಯಾಸ ಮಾತ್ರ ಹೋಗುತ್ತಿಲ್ಲ. ಸಂಜೆ ಕೆಲಸ ಮುಗಿದಾಗ ಬೆರಳು ತಾನಾಗಿ ‘ಶಟ್ ಡೌನ್’ ಕಡೆ ಹೋಗುತ್ತದೆ. ಡಿಸ್ಕನೆಕ್ಟ್ ಮಾಡಬೇಕಾದವನು ಮಷೀನನ್ನೇ ಆರಿಸಿ, ಮರುದಿನ ಪ್ಯಾನೆಲ್‌ಗೆ ಹೋಗಿ ಮತ್ತೆ ಹೊತ್ತಿಸುತ್ತಿದ್ದೆ. ಕೊನೆಗೆ ಕಳೆದ ತಿಂಗಳು ವಿಂಡೋಸ್‌ನ ಗ್ರೂಪ್ ಪಾಲಿಸಿ ಸೆಟ್ಟಿಂಗ್‌ನಲ್ಲಿ ಆ ಬಟನ್ನೇ ತೆಗೆದುಹಾಕಿದೆ.